ಫೇಸ್ ಒಂದನ್ನೇ ಬದಲಿಸುವ ಕಷ್ಟ: ಮೈಕ್ರೋವೇವ್ ಫೇಸ್ ಶಿಫ್ಟರ್‌ಗಳ ಬಗೆಗಳು ಮತ್ತು ವಿನ್ಯಾಸ

ಅನೇಕ ಸಣ್ಣ ಆಂಟೆನಾ ಘಟಕಗಳನ್ನು ಒಂದು ಫಲಕದ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಹೋಗುವ ಸಂಕೇತದ ಫೇಸನ್ನು, ಅಂದರೆ ತರಂಗವು ತನ್ನ ಆವರ್ತದಲ್ಲಿ ಎಲ್ಲಿದೆ ಎಂಬುದನ್ನು, ಬೇರೆಬೇರೆಯಾಗಿ ಹೊಂದಿಸಿದರೆ, ಫಲಕವು ಇದ್ದಲ್ಲೇ ಇದ್ದರೂ ಅದರಿಂದ ಹೊರಡುವ ಬೀಮ್ ನಮಗೆ ಬೇಕಾದ ದಿಕ್ಕಿಗೆ ವಾಲುತ್ತದೆ. ಈ ವಿಚಾರ ಹೊಸದಲ್ಲ. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್ 1905ರಲ್ಲಿಯೇ ಕೆಲವು ಆಂಟೆನಾಗಳಿಗೆ ಬೇರೆಬೇರೆ ಫೇಸ್ ಕೊಟ್ಟು ಪ್ರಸಾರದ ದಿಕ್ಕನ್ನು ಬದಲಿಸಿ ತೋರಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಸಿದ್ಧಾಂತದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಆ ಫೇಸನ್ನು ಕೊಡುವ ಸಾಧನ. ಆ ಸಾಧನವೇ ಫೇಸ್ ಶಿಫ್ಟರ್. ಅದರ ಬಗೆಗಳನ್ನು ವಿವರಿಸುವುದರ ಜೊತೆಗೆ ಒಂದು ಮಾತನ್ನು ಒತ್ತಿ ಹೇಳಬೇಕೆಂಬುದು ಈ ಉಪನ್ಯಾಸದ ಉದ್ದೇಶ: ಸಂಕೇತದ ಫೇಸನ್ನು ಬದಲಿಸುವುದು ಕಷ್ಟದ ಕೆಲಸವಲ್ಲ, ತಂತಿಯನ್ನು ಸ್ವಲ್ಪ ಉದ್ದ ಮಾಡಿದರೂ ಅದು ಬದಲಾಗುತ್ತದೆ, ಬೇರೆ ಯಾವುದನ್ನೂ ಕದಡದೆ ಫೇಸ್ ಒಂದನ್ನೇ ಬದಲಿಸುವುದು ಕಷ್ಟ.

ಮೊದಲು ಲೆಕ್ಕವನ್ನು ನೋಡೋಣ. ಅಕ್ಕಪಕ್ಕದ ಎರಡು ಘಟಕಗಳ ನಡುವೆ ಇರಬೇಕಾದ ಫೇಸ್ ವ್ಯತ್ಯಾಸವನ್ನು ಪಡೆಯಲು, ಅವುಗಳ ನಡುವಿನ ಅಂತರವನ್ನು ತರಂಗದೂರದಿಂದ ಭಾಗಿಸಿ, 360 ಡಿಗ್ರಿಯಿಂದ ಗುಣಿಸಿ, ಬೀಮ್ ವಾಲಬೇಕಾದ ಕೋನದ ಸೈನ್‌ನಿಂದ ಮತ್ತೆ ಗುಣಿಸಬೇಕು. ಘಟಕಗಳು ಅರ್ಧ ತರಂಗದೂರದಲ್ಲಿದ್ದು ಬೀಮ್ 30 ಡಿಗ್ರಿ ವಾಲಬೇಕಾದರೆ ಈ ವ್ಯತ್ಯಾಸ 90 ಡಿಗ್ರಿ. ಹಾಗಿದ್ದರೆ ಸಾಲಿನ ಹನ್ನೊಂದನೆಯ ಘಟಕಕ್ಕೆ, ಮೊದಲನೆಯದಕ್ಕೆ ಹೋಲಿಸಿ, 900 ಡಿಗ್ರಿ ಬೇಕಾಗುತ್ತದೆ. ಆದರೆ ಸೈನ್ ತರಂಗಕ್ಕೆ 360 ಡಿಗ್ರಿ ಎಂದರೆ ಮತ್ತೆ ಸೊನ್ನೆಯೇ ಆದ್ದರಿಂದ, 900ರ ಬದಲು 180 ಡಿಗ್ರಿ ಕೊಟ್ಟರೂ ಕೆಲಸ ನಡೆಯುತ್ತದೆ. ಆಂಟೆನಾ ಸಾಲು ಎಷ್ಟೇ ಉದ್ದವಿರಲಿ, ಒಂದು ಫೇಸ್ ಶಿಫ್ಟರ್ ಸೊನ್ನೆಯಿಂದ 360 ಡಿಗ್ರಿಯವರೆಗೆ ಕೊಟ್ಟರೆ ಸಾಕು ಎಂಬ ದೊಡ್ಡ ಸೌಲಭ್ಯ ಇದರಿಂದ ದೊರೆಯುತ್ತದೆ.

ಈ ಸೌಲಭ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ಓರೆಯಾಗಿ ಹೊರಡುವ ತರಂಗಕ್ಕೆ ನಿಜವಾಗಿ ಬೇಕಾದದ್ದು ಕಾಲದ ವಿಳಂಬ. ನಾವು ಕೊಡುವುದು ಒಂದೇ ಆವೃತ್ತಿಯಲ್ಲಿ ಅದಕ್ಕೆ ಸಮನಾದ ಫೇಸ್. ಆವೃತ್ತಿ ಬದಲಾದರೆ ಆ ಸಮಾನತೆ ತಪ್ಪಿ ಬೀಮ್ ಜಾರುತ್ತದೆ. ಎಷ್ಟು ಜಾರುತ್ತದೆಂದರೆ, ಆವೃತ್ತಿ ಬದಲಾದ ಪ್ರಮಾಣವನ್ನು (ಶೇ. 1 ಎಂದರೆ 0.01) ವಾಲಿದ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದಷ್ಟು ರೇಡಿಯನ್ (1 ರೇಡಿಯನ್ ಎಂದರೆ ಸುಮಾರು 57 ಡಿಗ್ರಿ). 60 ಡಿಗ್ರಿ ವಾಲಿದ ಬೀಮ್, ಆವೃತ್ತಿಯಲ್ಲಿ ಶೇ. 1ರಷ್ಟು ವ್ಯತ್ಯಾಸವಾದರೆ ಸುಮಾರು 1 ಡಿಗ್ರಿ ಜಾರುತ್ತದೆ. 30 ಡಿಗ್ರಿ ವಾಲಿದ್ದರೆ ಸುಮಾರು ಮೂರನೆಯ ಒಂದು ಡಿಗ್ರಿ ಮಾತ್ರ. ಬೀಮ್‌ನ ಅಗಲವೇ 1 ಡಿಗ್ರಿ ಇರುವ ದೊಡ್ಡ ಆಂಟೆನಾಗೆ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದಲೇ ಅಗಲವಾದ ಆವೃತ್ತಿ ಪಟ್ಟಿಯಲ್ಲಿ ಕೆಲಸಮಾಡುವ ವ್ಯವಸ್ಥೆಗಳಲ್ಲಿ ಆಂಟೆನಾವನ್ನು ಉಪಸಾಲುಗಳಾಗಿ ವಿಂಗಡಿಸಿ, ಪ್ರತಿ ಉಪಸಾಲಿಗೂ ನಿಜವಾದ ಕಾಲವಿಳಂಬದ ಸಾಧನವೊಂದನ್ನು ಇಟ್ಟು, ಅದರೊಳಗಿನ ಘಟಕಗಳಿಗೆ ಮಾತ್ರ ಫೇಸ್ ಶಿಫ್ಟರ್‌ಗಳನ್ನು ಬಳಸುತ್ತಾರೆ.

ಇನ್ನು ಫೇಸ್ ಎಷ್ಟು ನುಣುಪಾಗಿ ಬದಲಾಗಬೇಕು ಎಂಬ ಪ್ರಶ್ನೆ. ಡಿಜಿಟಲ್ ಫೇಸ್ ಶಿಫ್ಟರ್‌ನಲ್ಲಿ 4 ಬಿಟ್ ಇದ್ದರೆ ಮೆಟ್ಟಿಲು 22.5 ಡಿಗ್ರಿ, 6 ಬಿಟ್ ಇದ್ದರೆ 5.625 ಡಿಗ್ರಿ. ಮೆಟ್ಟಿಲಿನ ಒರಟುತನದಿಂದ ಮುಖ್ಯ ಬೀಮ್ ಕಳೆದುಕೊಳ್ಳುವ ಬಲ ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ: 2 ಬಿಟ್‌ಗೆ ಸುಮಾರು 0.9 ಡೆಸಿಬೆಲ್, 3 ಬಿಟ್‌ಗೆ 0.22, 4 ಬಿಟ್‌ಗೆ ಕೇವಲ 0.06. ಹಾಗಾದರೆ 6 ಬಿಟ್‌ಗಳೇಕೆ? ಉತ್ತರ ಇರುವುದು ಮುಖ್ಯ ಬೀಮ್‌ನಲ್ಲಲ್ಲ, ಅದರ ಪಕ್ಕದ ಹಾಲೆಗಳಲ್ಲಿ, ಅಂದರೆ ಬೇಡದ ದಿಕ್ಕುಗಳಿಗೆ ಸೋರುವ ಸಣ್ಣ ಬೀಮ್‌ಗಳಲ್ಲಿ. ಮೆಟ್ಟಿಲಿನ ದೋಷವು ಸಾಲಿನುದ್ದಕ್ಕೂ ನಿಯಮಿತವಾಗಿ ಮರುಕಳಿಸಿದಾಗ, ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬೆಲ್‌ನ ಲೆಕ್ಕದಲ್ಲಿ, ಅನಗತ್ಯ ದಿಕ್ಕಿನಲ್ಲಿ ಒಂದು ಹಾಲೆ ತಲೆ ಎತ್ತುತ್ತದೆ. 4 ಬಿಟ್‌ಗಳಲ್ಲಿ ಅದು ಮುಖ್ಯ ಬೀಮ್‌ಗಿಂತ ಸುಮಾರು 24 ಡೆಸಿಬೆಲ್ ಕೆಳಗೆ ನಿಲ್ಲುತ್ತದೆ. ಶತ್ರುವಿನ ಅಡ್ಡಿಸಂಕೇತವನ್ನೋ ನೆಲದ ಪ್ರತಿಫಲನವನ್ನೋ ತಡೆಯಬೇಕಾದ ರೇಡಾರ್‌ಗೆ ಇದು ಸಾಲದು. ಅದರ ಮೇಲೆ 6 ಬಿಟ್‌ಗಳಿವೆ ಎಂದು ಹೇಳಿಕೊಳ್ಳುವ ಸಾಧನದ ನಿಜವಾದ ನಿಖರತೆ ಅಷ್ಟಿರುತ್ತದೆ ಎಂದೇನೂ ಇಲ್ಲ. 5.625 ಡಿಗ್ರಿಯ ಮೆಟ್ಟಿಲಿನಿಂದಷ್ಟೇ ಬರುವ ಸರಾಸರಿ ವರ್ಗಮೂಲ ದೋಷ 1.6 ಡಿಗ್ರಿ, ತಯಾರಿಕೆಯ ದೋಷವೇ 4 ಡಿಗ್ರಿ ಇದ್ದರೆ ಕೊನೆಯ ಬಿಟ್ ಅಲಂಕಾರಕ್ಕೆ ಮಾತ್ರ ಉಳಿಯುತ್ತದೆ.

ಫೇಸ್ ಶಿಫ್ಟರ್‌ಗಳು ಆರಂಭದಲ್ಲಿ ಯಾಂತ್ರಿಕವಾಗಿದ್ದವು. 1947ರಲ್ಲಿ ಫಾಕ್ಸ್ ಎಂಬುವರು ವಿವರಿಸಿದ ವೇವ್‌ಗೈಡ್ (ಮೈಕ್ರೋವೇವ್ ಸಾಗುವ ಲೋಹದ ಕೊಳವೆ) ಸಾಧನದಲ್ಲಿ, ನಡುವಿನ ಅರ್ಧತರಂಗ ಫಲಕವನ್ನು ಎಷ್ಟು ಕೋನ ತಿರುಗಿಸಿದರೆ ಅದರ ಎರಡರಷ್ಟು ಫೇಸ್ ಬದಲಾಗುತ್ತದೆ. ನಿಖರತೆಯಲ್ಲಿ ಇದನ್ನು ಮೀರಿಸುವುದು ಸುಲಭವಲ್ಲ, ಪ್ರಯೋಗಾಲಯದಲ್ಲಿ ಅಳತೆಯ ಮಾನದಂಡವಾಗಿ ಇಂದಿಗೂ ಸಲ್ಲುತ್ತದೆ. ಆದರೆ ಕ್ಷಣಕ್ಕೊಮ್ಮೆ ದಿಕ್ಕು ಬದಲಿಸುವ ಸಾವಿರಾರು ಘಟಕಗಳ ಆಂಟೆನಾಗೆ ಇದು ಹೊಂದುವುದಿಲ್ಲ.

ಎಲೆಕ್ಟ್ರಾನಿಕ್ ದಿಕ್ಕುಬದಲಾವಣೆಯನ್ನು ಸಾಧ್ಯವಾಗಿಸಿದ ಮೊದಲ ದೊಡ್ಡ ವರ್ಗ ಫೆರೈಟ್ ಎಂಬ ಕಾಂತೀಯ ಸೆರಾಮಿಕ್ ವಸ್ತುವಿನದು. ಕಾಂತೀಕರಿಸಿದ ಫೆರೈಟ್‌ನೊಳಗೆ ಎಲೆಕ್ಟ್ರಾನ್‌ಗಳ ಸ್ಪಿನ್ ಕಾಂತಕ್ಷೇತ್ರದ ಸುತ್ತ ಬುಗುರಿಯಂತೆ ಓಲಾಡುತ್ತಿರುತ್ತದೆ; ಮೈಕ್ರೋವೇವ್‌ನ ವೃತ್ತಾಕಾರ ಧ್ರುವೀಕರಣವು ಆ ಓಲಾಟದ ದಿಕ್ಕಿನಲ್ಲೇ ತಿರುಗುತ್ತಿದ್ದರೆ ಒಂದು ವೇಗ, ಎದುರು ದಿಕ್ಕಿನಲ್ಲಿ ತಿರುಗುತ್ತಿದ್ದರೆ ಇನ್ನೊಂದು ವೇಗ. ಕಾಂತೀಕರಣವನ್ನು ಬದಲಿಸಿದರೆ ತರಂಗದ ವೇಗ ಬದಲಾಗುತ್ತದೆ, ಅದರೊಂದಿಗೆ ಫೇಸ್ ಕೂಡ. ಆಯತಾಕಾರದ ವೇವ್‌ಗೈಡ್‌ನಲ್ಲಿ ಟೊರಾಯ್ಡ್ (ಉಂಗುರ) ಆಕಾರದ ಫೆರೈಟ್ ಇಟ್ಟು, ಅದರ ನಡುವೆ ತಂತಿಯೊಂದನ್ನು ಹಾಯಿಸಿ, ಸಣ್ಣ ವಿದ್ಯುತ್ ಪಲ್ಸ್ ಕೊಟ್ಟರೆ, ಕಾಂತೀಕರಣವು ಹೊಸ ನೆಲೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಪ್ರವಾಹ ನಿಂತರೂ ಫೇಸ್ ಉಳಿಯುತ್ತದೆ, ಏಕೆಂದರೆ ವಸ್ತುವಿನ ಹಿಸ್ಟರಿಸಿಸ್‌ಗೇ ನೆನಪಿನ ಶಕ್ತಿ ಇದೆ. ಅಮೆರಿಕದ ನೌಕಾಪಡೆಯ ಏಜಿಸ್ ವ್ಯವಸ್ಥೆಯ ಎಸ್‌ಪಿವೈ-1 ರೇಡಾರ್ ಮತ್ತು ಸುಮಾರು 5,000 ಘಟಕಗಳಿರುವ ಪೇಟ್ರಿಯಾಟ್ ವ್ಯವಸ್ಥೆಯ ರೇಡಾರ್ ಈ ವರ್ಗದ ಸಾಧನಗಳನ್ನು ಆಧರಿಸಿದವು.

ಫೆರೈಟ್‌ನ ವಿನ್ಯಾಸದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಭಾಗ ಅದನ್ನು ಚಾಲಿಸುವ ವಿಧಾನ. ಫೆರೈಟ್‌ನ ಕಾಂತೀಕರಣ ಬಿಸಿಯೊಂದಿಗೆ ಕುಗ್ಗುತ್ತದೆ, ಆದ್ದರಿಂದ ಪ್ರವಾಹದ ಪ್ರಮಾಣವನ್ನು ನಂಬಿ ಫೇಸ್ ಕೊಟ್ಟರೆ ತಾಪಮಾನ ಬದಲಾದ ಕೂಡಲೇ ಲೆಕ್ಕ ತಪ್ಪುತ್ತದೆ. ಅದರ ಬದಲು ವಿನ್ಯಾಸಕಾರರು ಫೆರೈಟನ್ನು ಮೊದಲು ಒಂದು ತುದಿಯ ಸ್ಥಿತಿಗೆ ಕೊಂಡೊಯ್ದು, ಬಳಿಕ ನಿಗದಿತ ವೋಲ್ಟೇಜನ್ನು ನಿಗದಿತ ಕಾಲದವರೆಗೆ ಕೊಡುತ್ತಾರೆ. ವೋಲ್ಟೇಜ್ ಮತ್ತು ಕಾಲದ ಗುಣಲಬ್ಧವೇ ಕಾಂತಪ್ರವಾಹದ ಬದಲಾವಣೆ ಆಗಿರುವುದರಿಂದ, ಫೇಸ್ ನೇರವಾಗಿ ಪಲ್ಸ್‌ನ ಅಗಲಕ್ಕೆ ಬದ್ಧವಾಗುತ್ತದೆ, ವಸ್ತುವಿನ ಬಿಸಿ ಅದನ್ನು ಹೆಚ್ಚು ಕದಲಿಸುವುದಿಲ್ಲ. ಒಂದು ತೊಡಕು ಮಾತ್ರ ಉಳಿಯುತ್ತದೆ: ಟೊರಾಯ್ಡ್ ಬಗೆಯಲ್ಲಿ ಹೋಗುವ ತರಂಗಕ್ಕೂ ಬರುವ ತರಂಗಕ್ಕೂ ಫೇಸ್ ಬೇರೆ. ರೇಡಾರ್ ಪಲ್ಸ್ ಕಳುಹಿಸಿದ ಮೇಲೆ, ಪ್ರತಿಧ್ವನಿ ಬರುವುದಕ್ಕೆ ಮೊದಲು, ಪ್ರತಿ ಘಟಕವನ್ನೂ ಮತ್ತೆ ಹೊಂದಿಸಬೇಕು. ಇದಕ್ಕೆ ಹಿಡಿಯುವ ಕೆಲವು ಮೈಕ್ರೋಸೆಕೆಂಡ್‌ಗಳಲ್ಲಿ ಹತ್ತಿರದ ಗುರಿ ಕಾಣಿಸುವುದಿಲ್ಲ. ಫ್ಯಾರಡೆ ಪರಿಭ್ರಮಣೆಯನ್ನು ಬಳಸುವ ಡ್ಯುಯಲ್-ಮೋಡ್ ಬಗೆಯಲ್ಲಿ ಎರಡೂ ದಿಕ್ಕಿಗೆ ಒಂದೇ ಫೇಸ್ ಸಿಗುತ್ತದೆ, ಆದರೆ ಅದು ಹೊಸ ಸ್ಥಿತಿಗೆ ಹೋಗಲು ಹತ್ತಾರು ಮೈಕ್ರೋಸೆಕೆಂಡ್ ಹಿಡಿಯುತ್ತದೆ.

ಎರಡನೆಯ ದೊಡ್ಡ ವರ್ಗ ಅರೆವಾಹಕ ಸ್ವಿಚ್‌ಗಳದು. ಪಿನ್ ಡಯೋಡ್ ಇದರ ಹಿರಿಯ. ನೇರ ಬಯಾಸ್‌ನಲ್ಲಿ ಸುಮಾರು 1 ಓಮ್ ರೋಧ, ಹಿಮ್ಮುಖ ಬಯಾಸ್‌ನಲ್ಲಿ ಸಣ್ಣ ಕೆಪಾಸಿಟರ್; ಡಯೋಡ್‌ನ ನಡುಪದರದಲ್ಲಿ ಸೇರಿಕೊಂಡ ಆವೇಶವು ಮೈಕ್ರೋವೇವ್‌ನ ಒಂದು ಆವರ್ತದೊಳಗೆ ಖಾಲಿಯಾಗುವುದಿಲ್ಲವಾದ್ದರಿಂದ, ದೊಡ್ಡ ಸಂಕೇತವೂ ಅದನ್ನು ಗೊಂದಲಗೊಳಿಸದೆ ಹಾದುಹೋಗುತ್ತದೆ. ಇದರ ದೌರ್ಬಲ್ಯ ಸದಾ ಹರಿಯಬೇಕಾದ ಬಯಾಸ್ ಪ್ರವಾಹ. ಒಂದು ಘಟಕಕ್ಕೆ 200 ಮಿಲಿಆಂಪಿಯರ್ ಎಂದುಕೊಂಡರೂ 1,000 ಘಟಕಗಳ ಆಂಟೆನಾಗೆ 200 ಆಂಪಿಯರ್ ಆಗುತ್ತದೆ, ಅದರ ಬಿಸಿಯನ್ನು ಹೊರಹಾಕುವ ಚಿಂತೆ ಬೇರೆ. ಗ್ಯಾಲಿಯಂ ಆರ್ಸೆನೈಡ್ ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್ ಆಗಿ ಬಳಸಿದಾಗ ಗೇಟ್‌ಗೆ ಪ್ರವಾಹವೇ ಬೇಡವಾಗಿ ಈ ಸಮಸ್ಯೆ ಬಹುಮಟ್ಟಿಗೆ ಕರಗಿತು, ನಷ್ಟ ಮಾತ್ರ ಹೆಚ್ಚಿತು.

ಸ್ವಿಚ್ ಯಾವುದೇ ಇರಲಿ, ಅದರಿಂದ ಫೇಸ್ ಪಡೆಯುವ ಮಂಡಲಗಳು (ಸರ್ಕ್ಯೂಟ್‌ಗಳು) ನಾಲ್ಕು. ಎರಡು ಬೇರೆ ಉದ್ದದ ಲೈನ್‌ಗಳ ನಡುವೆ ಸಂಕೇತವನ್ನು ಹೊರಳಿಸುವುದು ಮೊದಲನೆಯದು. ನೋಡಲು ಇಷ್ಟು ಸರಳವಾದ ಮಂಡಲ ಇನ್ನೊಂದಿಲ್ಲ, ಆದರೆ ಕೈಬಿಟ್ಟ ಲೈನ್ ಸುಮ್ಮನೆ ಕೂರುವುದಿಲ್ಲ. ಎರಡೂ ತುದಿಯಲ್ಲಿ ತೆರೆದ ಸ್ವಿಚ್‌ಗಳ ಕೆಪಾಸಿಟೆನ್ಸನ್ನು ಹೊತ್ತ ಆ ತುಂಡಿನ ಉದ್ದ ಅರ್ಧ ತರಂಗದೂರದ ಹತ್ತಿರ ಬಂದರೆ ಅದು ಅನುರಣಿಸಿ, ಪಕ್ಕದ ಲೈನಿನಲ್ಲಿ ಹೋಗುತ್ತಿರುವ ಸಂಕೇತದಿಂದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಪಟ್ಟಿಯ ನಡುವೆ ಒಂದು ಕಡೆ ಆಂಪ್ಲಿಟ್ಯೂಡ್ (ಸಂಕೇತದ ಎತ್ತರ) ದಿಢೀರನೆ ಕುಸಿದು ಫೇಸ್ ಬಳುಕಿದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎರಡನೆಯದು ಲೋಡೆಡ್ ಲೈನ್: ಕಾಲು ತರಂಗದೂರದಲ್ಲಿ ಎರಡು ಸಣ್ಣ ರಿಯಾಕ್ಟೆನ್ಸ್‌ಗಳನ್ನು (ಇಂಡಕ್ಟರ್ ಅಥವಾ ಕೆಪಾಸಿಟರ್‌ಗಳನ್ನು) ಲೈನಿಗೆ ತಗಲಿಸಿದರೆ ಅವುಗಳ ಪ್ರತಿಫಲನಗಳು ಒಂದನ್ನೊಂದು ರದ್ದುಮಾಡುತ್ತವೆ, ಫೇಸ್ ಮಾತ್ರ ಉಳಿಯುತ್ತದೆ. 45 ಡಿಗ್ರಿಯವರೆಗೆ ಇದು ಚೆನ್ನು, ಅದರಾಚೆ ಹೊಂದಾಣಿಕೆ ಕೆಡುತ್ತದೆ.

ಹೈಪಾಸ್-ಲೋಪಾಸ್ ಮಂಡಲ ನನ್ನ ದೃಷ್ಟಿಯಲ್ಲಿ ಈ ನಾಲ್ಕರಲ್ಲಿ ಅತ್ಯಂತ ಜಾಣತನದ್ದು. ಕೆಳಗಿನ ಆವೃತ್ತಿಗಳನ್ನು ಬಿಡುವ ಲೋಪಾಸ್ ಫಿಲ್ಟರ್ ಸಂಕೇತದ ಫೇಸನ್ನು ಹಿಂದೆ ತಳ್ಳುತ್ತದೆ, ಮೇಲಿನವನ್ನು ಬಿಡುವ ಹೈಪಾಸ್ ಮುಂದೆ ತಳ್ಳುತ್ತದೆ. ಎರಡರ ನಡುವೆ ಹೊರಳಿದರೆ ಸಿಗುವುದು ಅವುಗಳ ವ್ಯತ್ಯಾಸ. ಆವೃತ್ತಿ ಏರಿದಾಗ ಎರಡೂ ಒಂದೇ ಕಡೆಗೆ ಸರಿಯುವುದರಿಂದ ವ್ಯತ್ಯಾಸ ಅಗಲ ಪಟ್ಟಿಯಲ್ಲಿ ಬಹುತೇಕ ಸಮನಾಗಿ ಉಳಿಯುತ್ತದೆ. ವಿನ್ಯಾಸದ ಸೂತ್ರವೂ ಚಿಕ್ಕದು: ಟಿ ಆಕಾರದ ಲೋಪಾಸ್‌ನಲ್ಲಿ ಸಾಲಿನ ಪ್ರತಿ ಇಂಡಕ್ಟರ್‌ನ ರಿಯಾಕ್ಟೆನ್ಸ್, ಲೈನಿನ ಇಂಪಿಡೆನ್ಸ್‌ಗೆ ಹೋಲಿಸಿ, ಬೇಕಾದ ಫೇಸಿನ ಕಾಲುಭಾಗದ ಟ್ಯಾಂಜೆಂಟ್, ನಡುವಿನ ಕೆಪಾಸಿಟರ್‌ನ ಸಸೆಪ್ಟೆನ್ಸ್ ಬೇಕಾದ ಫೇಸಿನ ಅರ್ಧದ ಸೈನ್. 10 ಗಿಗಾಹರ್ಟ್ಸ್‌ನಲ್ಲಿ, 50 ಓಮ್ ಲೈನಿನಲ್ಲಿ 180 ಡಿಗ್ರಿಯ ಬಿಟ್ ಬೇಕೆಂದರೆ ಎರಡೂ ಬೆಲೆಗಳು 1 ಆಗಿ, ಇಂಡಕ್ಟರ್ 0.80 ನ್ಯಾನೋಹೆನ್ರಿ ಮತ್ತು ಕೆಪಾಸಿಟರ್ 0.32 ಪಿಕೋಫ್ಯಾರಡ್ ಆಗುತ್ತವೆ. ಹೈಪಾಸ್ ಕವಲಿಗೆ ಇದೇ ಬೆಲೆಗಳು ಸ್ಥಾನ ಬದಲಿಸಿಕೊಂಡರೆ ಸಾಕು. 90 ಡಿಗ್ರಿಗೆ ಲೋಪಾಸ್ ಕವಲಿನ ಬೆಲೆಗಳು 0.33 ನ್ಯಾನೋಹೆನ್ರಿ ಮತ್ತು 0.23 ಪಿಕೋಫ್ಯಾರಡ್. ಇಷ್ಟು ಸಣ್ಣ ಬೆಲೆಗಳು ಚಿಪ್‌ನ ಮೇಲೆ ಸುಲಭವಾಗಿ ಕೂರುತ್ತವೆ, ಉದ್ದನೆಯ ಲೈನ್‌ಗಳಿಗೆ ಜಾಗವಿಲ್ಲದಲ್ಲಿ ಇದೇ ಆಯ್ಕೆಯಾಗುತ್ತದೆ.

ನಾಲ್ಕನೆಯದು ಪ್ರತಿಫಲನದ ಬಗೆ. ಸಂಕೇತವನ್ನು 90 ಡಿಗ್ರಿ ಅಂತರದ ಎರಡು ಸಮಪಾಲು ಮಾಡುವ ನಾಲ್ಕು ಬಾಗಿಲಿನ ಹೈಬ್ರಿಡ್‌ನ ಎರಡು ಬಾಗಿಲುಗಳಿಗೆ ಸಮಾನವಾದ ಪ್ರತಿಫಲಕ ಲೋಡ್‌ಗಳನ್ನು ಜೋಡಿಸಿದರೆ, ಒಳಬಂದ ಸಂಕೇತ ಅಲ್ಲಿಂದ ಹಿಂದಿರುಗಿ ನಾಲ್ಕನೆಯ ಬಾಗಿಲಿನಿಂದ ಹೊರಬೀಳುತ್ತದೆ, ಲೋಡ್‌ನ ಫೇಸನ್ನು ಹೊತ್ತು. ಲೋಡ್ ಜಾಗದಲ್ಲಿ ವರಾಕ್ಟರ್ (ವೋಲ್ಟೇಜ್‌ನಿಂದ ಕೆಪಾಸಿಟೆನ್ಸ್ ಬದಲಾಗುವ ಡಯೋಡ್) ಇಟ್ಟರೆ ಮೆಟ್ಟಿಲುಗಳಿಲ್ಲದ ಅನಲಾಗ್ ನಿಯಂತ್ರಣ ಸಿಗುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. 10 ಗಿಗಾಹರ್ಟ್ಸ್‌ನಲ್ಲಿ ವರಾಕ್ಟರ್‌ನ ಕೆಪಾಸಿಟೆನ್ಸ್ 0.1ರಿಂದ 0.4 ಪಿಕೋಫ್ಯಾರಡ್‌ವರೆಗೆ ಬದಲಾಗುತ್ತದೆ ಎಂದುಕೊಳ್ಳೋಣ. ಅದೊಂದರಿಂದಲೇ ಸಿಗುವ ಫೇಸ್ ಬದಲಾವಣೆ ಸುಮಾರು 68 ಡಿಗ್ರಿ ಮಾತ್ರ. ಅದೇ ವರಾಕ್ಟರ್‌ನ ಸಾಲಿಗೆ 1.6 ನ್ಯಾನೋಹೆನ್ರಿಯ ಇಂಡಕ್ಟರ್ ಸೇರಿಸಿ, ಒಟ್ಟು ರಿಯಾಕ್ಟೆನ್ಸ್ ಸೊನ್ನೆಯ ಎರಡೂ ಪಕ್ಕಕ್ಕೆ ಸಮನಾಗಿ ಓಡಾಡುವಂತೆ ಮಾಡಿದರೆ, ಬದಲಾವಣೆ ಸುಮಾರು 200 ಡಿಗ್ರಿಗೆ ಏರುತ್ತದೆ. ಒಂದು ಇಂಡಕ್ಟರ್‌ನಿಂದ ಮೂರರಷ್ಟು ಲಾಭ! ಆದರೆ ವರಾಕ್ಟರ್‌ಗೆ 3 ಓಮ್ ಆಂತರಿಕ ರೋಧ ಇದೆ ಎಂದು ಸೇರಿಸಿ ನೋಡಿ: ಅನುರಣನದ ಬಿಂದುವಿನಲ್ಲಿ ನಷ್ಟ ಸುಮಾರು 1 ಡೆಸಿಬೆಲ್, ಎರಡು ತುದಿಗಳಲ್ಲಿ 0.4 ಡೆಸಿಬೆಲ್. ಫೇಸ್ ಬದಲಿಸುತ್ತಾ ಹೋದಂತೆ ಆಂಪ್ಲಿಟ್ಯೂಡ್ ಕೂಡ ಏಳುತ್ತಾ ಬೀಳುತ್ತಾ ಹೋಗುತ್ತದೆ. ಇನ್ನೊಂದು ಹಂತ ಸೇರಿಸಿ 360 ಡಿಗ್ರಿ ತಲುಪಿದರೆ ಈ ಏರಿಳಿತ ಎರಡರಷ್ಟಾಗುತ್ತದೆ. ಆರಂಭದಲ್ಲಿ ಹೇಳಿದ ಕಷ್ಟ ಇದೇ.

ಬಿಟ್‌ಗಳನ್ನು ಸರಣಿಯಾಗಿ ಜೋಡಿಸುವಾಗ ಇನ್ನೊಂದು ರೀತಿಯ ಕದಡುವಿಕೆ ಕಾಣಿಸಿಕೊಳ್ಳುತ್ತದೆ. ಪ್ರತಿ ಬಿಟ್ ತನ್ನಷ್ಟಕ್ಕೆ ಸರಿಯಾಗಿದ್ದರೂ, ಅಕ್ಕಪಕ್ಕದ ಎರಡು ಬಿಟ್‌ಗಳ ನಡುವೆ ಪ್ರತಿಫಲನ ಪುಟಿಯುತ್ತಿದ್ದರೆ ಒಟ್ಟು ಫೇಸ್ ಅವುಗಳ ಮೊತ್ತಕ್ಕೆ ಸಮನಾಗುವುದಿಲ್ಲ. ಎರಡೂ ಕಡೆ ರಿಟರ್ನ್ ಲಾಸ್ (ಪ್ರತಿಫಲನವು ಮೂಲ ಸಂಕೇತಕ್ಕಿಂತ ಎಷ್ಟು ಕೆಳಗಿದೆ ಎಂಬ ಅಳತೆ) 20 ಡೆಸಿಬೆಲ್ ಇದ್ದರೆ ಗರಿಷ್ಠ ದೋಷ 0.6 ಡಿಗ್ರಿ, 14 ಡೆಸಿಬೆಲ್‌ಗೆ ಇಳಿದರೆ 2.3 ಡಿಗ್ರಿ, ಅಂದರೆ 6 ಬಿಟ್‌ನ ಮೆಟ್ಟಿಲಿನ ಹೆಚ್ಚುಕಡಿಮೆ ಅರ್ಧ. ಬಿಟ್‌ಗಳ ಕ್ರಮವನ್ನು ದೊಡ್ಡದರಿಂದ ಚಿಕ್ಕದಕ್ಕೆ ಎಂದು ಅಂದವಾಗಿ ಜೋಡಿಸದೆ, ಯಾವುದರ ಪಕ್ಕ ಯಾವುದಿದ್ದರೆ ಪ್ರತಿಫಲನ ಕಡಿಮೆ ಎಂದು ಸಿಮ್ಯುಲೇಶನ್ ಮಾಡಿ ನಿರ್ಧರಿಸುವುದು ಅದಕ್ಕಾಗಿ.

ನಷ್ಟದ ಪ್ರಶ್ನೆಗೆ ಆಂಟೆನಾದ ರಚನೆಯೇ ಉತ್ತರ ಕೊಡುತ್ತದೆ. ಒಂದೇ ದೊಡ್ಡ ಟ್ರಾನ್ಸ್‌ಮಿಟರ್‌ನ ಶಕ್ತಿಯನ್ನು ಎಲ್ಲ ಘಟಕಗಳಿಗೂ ಹಂಚುವ ಪ್ಯಾಸಿವ್ ಸಾಲಿನಲ್ಲಿ ಫೇಸ್ ಶಿಫ್ಟರ್ ಆಂಟೆನಾಗೆ ಅಂಟಿಕೊಂಡೇ ಇರುತ್ತದೆ. ಅದರ 1 ಡೆಸಿಬೆಲ್ ನಷ್ಟ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಾಗಿ, ಅದನ್ನು ತುಂಬಿಕೊಡಲು ಟ್ರಾನ್ಸ್‌ಮಿಟರ್ ಸುಮಾರು ಶೇ. 58ರಷ್ಟು ಹೆಚ್ಚು ಬಲದ್ದಾಗಿರಬೇಕು. ಫೆರೈಟ್ ಇಷ್ಟು ಕಾಲ ಬಾಳಿದ್ದು ಈ ಒಂದು ಕಾರಣಕ್ಕೆ. ಪ್ರತಿ ಘಟಕದ ಹಿಂದೆಯೂ ಅದರದೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸಾಲಿನಲ್ಲಿ ಚಿತ್ರವೇ ಬೇರೆ. 25 ಡೆಸಿಬೆಲ್ ಗೇನ್ ಮತ್ತು 1.5 ಡೆಸಿಬೆಲ್ ನಾಯ್ಸ್ ಫಿಗರ್ (ಸಾಧನ ತಾನೇ ಸೇರಿಸುವ ಗದ್ದಲದ ಅಳತೆ) ಇರುವ ಕಡಿಮೆ ಗದ್ದಲದ ಆಂಪ್ಲಿಫೈಯರ್‌ನ ಹಿಂದೆ 8 ಡೆಸಿಬೆಲ್ ನಷ್ಟದ ಫೇಸ್ ಶಿಫ್ಟರ್ ಇಟ್ಟರೂ ಒಟ್ಟು ನಾಯ್ಸ್ ಫಿಗರ್ ಹೆಚ್ಚುವುದು ಕೇವಲ 0.05 ಡೆಸಿಬೆಲ್. ನಷ್ಟವನ್ನು ಕ್ಷಮಿಸಿದ ಮೇಲೆ ವಿನ್ಯಾಸಕಾರನ ಗಮನ ಗಾತ್ರ, ಏಕರೂಪತೆ ಮತ್ತು ತಯಾರಿಕೆಯ ವೆಚ್ಚದ ಕಡೆಗೆ ತಿರುಗುತ್ತದೆ. 10 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗದೂರ 15 ಮಿಲಿಮೀಟರ್, 28 ಗಿಗಾಹರ್ಟ್ಸ್‌ನಲ್ಲಿ 5.4 ಮಿಲಿಮೀಟರ್, ಘಟಕದ ಹಿಂದೆ ಇರಬೇಕಾದದ್ದೆಲ್ಲ ಅಷ್ಟೇ ಜಾಗದಲ್ಲಿ ಅಡಗಬೇಕು.

ಸಿಲಿಕಾನ್ ಚಿಪ್‌ಗಳಲ್ಲಿ ಹೆಚ್ಚಾಗಿ ಕಾಣುವ ವೆಕ್ಟರ್ ಮಾಡ್ಯುಲೇಟರ್ ಈ ಇಕ್ಕಟ್ಟಿನಲ್ಲಿ ಹುಟ್ಟಿ ಬೆಳೆದದ್ದು. ಸಂಕೇತವನ್ನು 90 ಡಿಗ್ರಿ ಅಂತರದ ಎರಡು ಪಾಲು ಮಾಡಿ, ಪ್ರತಿ ಪಾಲಿನ ಗೇನನ್ನು ಬೇಕಾದಷ್ಟು ಏರಿಸಿ ಇಳಿಸಿ ಅಥವಾ ಚಿಹ್ನೆ ತಿರುಗಿಸಿ ಮತ್ತೆ ಕೂಡಿಸಿದರೆ, 360 ಡಿಗ್ರಿಯ ಯಾವ ಫೇಸ್ ಬೇಕಾದರೂ ಸಿಗುತ್ತದೆ, ಜೊತೆಗೆ ಆಂಪ್ಲಿಟ್ಯೂಡ್ ಮೇಲೂ ಹಿಡಿತ ಬರುತ್ತದೆ. ಇದು ಒಂದೇ ದಿಕ್ಕಿಗೆ ಕೆಲಸಮಾಡುತ್ತದೆ, ವಿದ್ಯುತ್ ತಿನ್ನುತ್ತದೆ, ದೊಡ್ಡ ಸಂಕೇತಕ್ಕೆ ಬೇಗ ಬಾಗುತ್ತದೆ, ಮತ್ತು ಎರಡು ಪಾಲುಗಳ ನಡುವಿನ ಅಂತರ 90 ಡಿಗ್ರಿಯಿಂದ ತಪ್ಪಿದಷ್ಟೂ ಫೇಸ್ ತಪ್ಪುತ್ತದೆ.

ಉಳಿದ ಬಗೆಗಳನ್ನು ಬೇಗ ನೋಡಿಬಿಡೋಣ. ಸೂಕ್ಷ್ಮ ಲೋಹದ ಪಟ್ಟಿಯನ್ನು ವೋಲ್ಟೇಜ್‌ನಿಂದ ಬಾಗಿಸುವ ಮೆಮ್ಸ್ ಸ್ವಿಚ್‌ಗಳ ನಷ್ಟ ಬಹಳ ಕಡಿಮೆ, ಬಯಾಸ್ ಪ್ರವಾಹ ಇಲ್ಲವೆನ್ನುವಷ್ಟು. ಆದರೆ ಅವುಗಳಿಗೆ ಹತ್ತಾರು ವೋಲ್ಟ್ ಬೇಕು, ನಿರೋಧಕ ಪದರದಲ್ಲಿ ಆವೇಶ ಸೇರಿಕೊಂಡು ಪಟ್ಟಿ ಅಂಟಿಕೊಳ್ಳುವ ತೊಂದರೆ ಅವುಗಳ ಬಾಳಿಕೆಯ ಬಗ್ಗೆ ಅನುಮಾನ ಮೂಡಿಸಿತು. ಬೇರಿಯಂ ಸ್ಟ್ರಾನ್ಷಿಯಂ ಟೈಟನೇಟ್‌ನಂತಹ ಫೆರೋಎಲೆಕ್ಟ್ರಿಕ್‌ಗಳಲ್ಲಿ ವೋಲ್ಟೇಜ್ ಕೊಟ್ಟರೆ ಡೈಎಲೆಕ್ಟ್ರಿಕ್ ಸ್ಥಿರಾಂಕವೇ ಬದಲಾಗುತ್ತದೆ, ಬದಲಾವಣೆ ಅತಿ ವೇಗದ್ದು, ತಾಪಮಾನದ ಪ್ರಭಾವ ಜೋರು. ದ್ರವ ಸ್ಫಟಿಕದ ಗುಣ ತದ್ವಿರುದ್ಧ: ಆವೃತ್ತಿ ಏರಿದಷ್ಟೂ ಅದು ಹೆಚ್ಚು ಉಪಯುಕ್ತ, ಪ್ರತಿಕ್ರಿಯೆ ಮಾತ್ರ ಮಿಲಿಸೆಕೆಂಡ್‌ಗಳಲ್ಲಿ. ನಿಧಾನವಾಗಿ ಚಲಿಸುವ ಉಪಗ್ರಹವನ್ನು ಹಿಂಬಾಲಿಸುವ ಚಪ್ಪಟೆ ಆಂಟೆನಾಗೆ ಅದು ಸಾಕು, ರೇಡಾರ್‌ಗೆ ಸಾಲದು.

ಪ್ರತಿ ಘಟಕಕ್ಕೂ ಡಿಜಿಟಲ್ ಪರಿವರ್ತಕವನ್ನೇ ಇಟ್ಟು ಫೇಸನ್ನು ಗಣಿತದಲ್ಲಿ ಕೊಡಬಹುದಲ್ಲವೇ, ಇವೆಲ್ಲ ಏಕೆ ಬೇಕು ಎಂದು ಸಭಿಕರೊಬ್ಬರು ಕೇಳಿದರು. ಕೊಡಬಹುದು, ಕೆಳಗಿನ ಮೈಕ್ರೋವೇವ್ ಪಟ್ಟಿಗಳ ರೇಡಾರ್‌ಗಳಲ್ಲಿ ಹಾಗೆ ಮಾಡುತ್ತಲೂ ಇದ್ದಾರೆ, ಒಂದೇ ಕ್ಷಣದಲ್ಲಿ ಹಲವು ಬೀಮ್‌ಗಳನ್ನು ರೂಪಿಸುವ ಲಾಭ ಅದರಿಂದ ದೊರೆಯುತ್ತದೆ. ಆದರೆ ಮಿಲಿಮೀಟರ್ ತರಂಗದಲ್ಲಿ, ನೂರಾರು ಘಟಕಗಳು ಒತ್ತೊತ್ತಾಗಿ ಕೂತಿರುವಲ್ಲಿ, ಪರಿವರ್ತಕಗಳು ತಿನ್ನುವ ವಿದ್ಯುತ್ ಮತ್ತು ಅವು ಉಗುಳುವ ದತ್ತಾಂಶ ಎರಡೂ ದೊಡ್ಡ ಹೊರೆ. ಅದಲ್ಲದೆ ಪಕ್ಕದಿಂದ ಬರುವ ಬಲವಾದ ಅಡ್ಡಿಸಂಕೇತವನ್ನು, ಅದು ಪರಿವರ್ತಕಕ್ಕೆ ತಲುಪುವ ಮೊದಲೇ, ಫೇಸ್ ಶಿಫ್ಟರ್‌ಗಳು ರೂಪಿಸಿದ ಬೀಮ್ ತಗ್ಗಿಸುತ್ತದೆ. ಎಲ್ಲವೂ ಡಿಜಿಟಲ್ ಆದಾಗ ಪ್ರತಿ ಪರಿವರ್ತಕವೂ ಅದರ ಪೂರ್ಣ ಹೊಡೆತ ತಿನ್ನಬೇಕು. ಕೆಲವು ಘಟಕಗಳ ಗುಂಪಿಗೆ ಅನಲಾಗ್ ಫೇಸ್ ಶಿಫ್ಟರ್, ಗುಂಪುಗಳ ನಡುವೆ ಡಿಜಿಟಲ್ ಎಂಬ ಮಿಶ್ರ ವ್ಯವಸ್ಥೆ ಅಲ್ಲಿ ನೆಲೆಯೂರಿರುವುದು ಹೀಗೆ.

ಕೊನೆಯದಾಗಿ ಅಳತೆಯ ವಿಷಯ. ಆಕ್ಟಿವ್ ಸಾಲಿನ ಪ್ರತಿ ಮಾಡ್ಯೂಲ್‌ನಲ್ಲಿ 6 ಬಿಟ್ ಫೇಸ್ ಶಿಫ್ಟರ್ ಜೊತೆಗೆ ಸಂಕೇತದ ಬಲವನ್ನು ತಗ್ಗಿಸುವ 6 ಬಿಟ್ ಅಟೆನ್ಯುಯೇಟರ್ ಕೂಡ ಇರುತ್ತದೆ ಎಂದುಕೊಳ್ಳೋಣ. ಫೇಸ್ ಬದಲಿಸಿದಾಗ ಆಂಪ್ಲಿಟ್ಯೂಡ್ ಅಲುಗಿ, ಅದನ್ನು ಸರಿಪಡಿಸಲು ಅಟೆನ್ಯುಯೇಟರ್ ತಿರುಗಿಸಿದಾಗ ಫೇಸ್ ಮತ್ತೆ ಅಲುಗುವಂತಿದ್ದರೆ, ಸರಿಯಾದ ಜೋಡಿಯನ್ನು ಸೂತ್ರದಿಂದ ಪಡೆಯಲಾಗುವುದಿಲ್ಲ. 64ನ್ನು 64ರಿಂದ ಗುಣಿಸಿದ 4,096 ಸ್ಥಿತಿಗಳನ್ನೂ ಅಳೆದು, ಪಟ್ಟಿ ಮಾಡಿಟ್ಟು, ಅದರಲ್ಲಿ ಹುಡುಕಬೇಕು. ಪ್ರತಿ ಆವೃತ್ತಿಗೆ, ಪ್ರತಿ ತಾಪಮಾನಕ್ಕೆ, ಪ್ರತಿ ಮಾಡ್ಯೂಲ್‌ಗೆ ಇಂಥದೊಂದು ಪಟ್ಟಿ ಬೇಕು. ಎರಡೂ ಸಾಧನಗಳು ಒಂದರ ಕೆಲಸದಲ್ಲಿ ಇನ್ನೊಂದು ತಲೆಹಾಕದಷ್ಟು ಶುದ್ಧವಾಗಿದ್ದರೆ 64 ಮತ್ತು 64 ಕೂಡಿ 128 ಅಳತೆಗಳಲ್ಲಿ ಕೆಲಸ ಮುಗಿಯುತ್ತದೆ.